ಕಣಕಿ ಬಂಡಿಯಿಂದ ಮಾರಿಯೊನ ಬಂಡಿ ತನಕ

ವಾಚನಾಲಯದ ಪುಸ್ತಕಕ್ಕೆ ಏನಾದರೂ ಇತಿಹಾಸ ಬರೆದು ಕೊಡ್ರಿ ಅಂತ ಮಾಸ್ತರರು ಎರಡು ಸಲ ಹೇಳಿ ಕಳಿಸಿದರು. ನಾನು ಏಳನೇ ಇಯತ್ತೆ ಓದಿದವ. ಹೊಲ ಮಾಡಿಕೊಂಡು, ಹಂತಿ ಪದ, ಭಜನಿ ಪದ ಹಾಡಿಕೊಂಡು ಬಂದವ. ಉದಗೀರದ ಕಿಲ್ಲೇದ ಇತಿಹಾಸ ಬರೆಯುವವರು ಬ್ಯಾರೆ ಇದ್ದಾರ. 1760ರಾಗ ಅಲ್ಲಿ ಮರಾಠರಿಗೂ ನಿಜಾಮನಿಗೂ ಆದ ಕಾಳಗ ನಿಮ್ಮ ಪುಸ್ತಕದಾಗೇ ಅದ. ನನ್ನ ಪಾಲಿಗೆ ಉಳಿದದ್ದು ಮಕ್ಕಳ ಆಟಿಗಿ ಬಂಡಿ. ಅದಕ್ಕೂ ಒಂದು ಇತಿಹಾಸ ಅದ ಅಂತ ಈ ಸಲದ ಎಳ್ಳಮಾವಾಸ್ಯೆಗೆ ನನಗ ಗೊತ್ತಾತು.

ಹಬ್ಬಕ್ಕ ಮಗಳು ಪುಣೆಯಿಂದ ಬಂದಿದ್ದಳು. ಅವಳ ಜೋಡಿ ಹತ್ತು ವರ್ಷದ ಮೊಮ್ಮಗ. ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆ ಎಳ್ಳಮಾವಾಸ್ಯೆ ಅಂದ್ರ ಊರಿಗೆ ಊರೇ ಹೊಲಕ್ಕ ಹೋಗತದ. ನಾವು ಎಳ್ಳಮಾಸಿ ಅಂದದ್ದು ಮರಾಠಿ ಮಂದಿ ಬಾಯಾಗ ಯೇಳವಸ ಆಗ್ಯದ. ಅಂಬಲಿ, ಭಜ್ಜಿ, ಸಜ್ಜಿ ರೊಟ್ಟಿ ಮಾತ್ರ ಇಬ್ಬರದೂ ಒಂದೇ. ಜೋಳದ ನಡುವೆ ಕಣಕಿ ಸೂಡುಗಳ ಕೊಂಪಿ ಹೂಡಿ, ಐದು ಕಲ್ಲು ಪಾಂಡವರನ್ನ ಇಟ್ಟು ಪೂಜಿ ಮಾಡಿ, ಚರಗ ಚೆಲ್ಲಿ ಬರೋದು. ಮೊದಲು ಬಂಡಿ ಹೂಡಿಕೊಂಡು ಹೋಗತಿದ್ದೆವು. ಈ ಸಲ ಮಗ್ಗಲ ಮನಿಯವರ ಟ್ರ್ಯಾಕ್ಟರ್ ಟ್ರಾಲಿ ಹತ್ತಿದೆವು. ಹುಡುಗ ಟ್ರಾಲಿಯಾಗ ಕುಂತು ಕೇಳಿದ: "ಮುತ್ಯಾ, ನಿಮ್ಮ ಬೈಲಗಾಡಿ ಎಲ್ಲಿ? ಮಮ್ಮಿ ಅದ ಅಂದಿದ್ದಳು."

ಬಂಡಿ ಮನಿ ಹಿಂದ ಅದ. ಗಾಲಿ ಇಲ್ಲ. 2016ರ ಬರದಾಗ, ಲಾತೂರಿಗೆ ಮಿರಜದಿಂದ ರೈಲಿನಾಗ ನೀರು ತಂದರಲ್ಲ, ಆ ಬ್ಯಾಸಗಿಗೆ ಮೇವು ಸಾಲದೆ ಎತ್ತು ಮಾರಿದೆ. ಮುಂದ ಒಂದು ವರ್ಷ ಬಿಟ್ಟು ಹೈದರಾಬಾದ–ಸೋಲಾಪುರ ರಸ್ತಾದ ಒಂದು ಢಾಬಾದವ ಬಂದು, "ಕಾಕಾ, ಗಾಲಿ ಕೊಡ್ರಿ, ಬಾಗಿಲಾಗ ಶೋಭೆಗೆ ನಿಲ್ಲಿಸತೀನಿ" ಅಂದ. ಕೊಟ್ಟೆ. ರೊಕ್ಕ ಎಣಿಸಿಕೊಂಡೆ. ಇದನ್ನ ಹುಡುಗನ ಮುಂದ ಹೇಳಲಿಕ್ಕೆ ನನಗ ನಾಚಿಕಿ ಬಂತು. ಸುಮ್ಮನೆ "ಮುರದದ" ಅಂದೆ.

ಸಂಜಿಗೆ ಮನಿಗೆ ಬಂದ ಮ್ಯಾಲೆ ಅವ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದ. ಅದರಾಗ ಒಂದು ಸಣ್ಣ ಬಂಡಿ. ಕೆಂಪು ಬಣ್ಣ, ನಾಕು ಗಿಡ್ಡ ಗಾಲಿ, ನಡುವೆ ಒಬ್ಬನೇ ಕೂಡೋವಷ್ಟು ಜಾಗ, ಹಿಂದ ಹೊಗೆ ಬಿಡೋ ಎರಡು ಕೊಳವಿ. ಒಂದೇ ತುಂಡಿನದಲ್ಲ, ಕಾಳಿನಷ್ಟರಿಂದ ಹಿಡಿದು ಬೆರಳುದ್ದದ ತನಕ ನೂರಾರು ಪ್ಲಾಸ್ಟಿಕ್ ತುಂಡು ಒಂದಕ್ಕೊಂದು ಒತ್ತಿ ಕಟ್ಟಿದ್ದು. ಇದು ಮಾರಿಯೊ ಕಾರ್ಟ್ ಅನ್ನೋ ವಿಡಿಯೊ ಆಟದ ಬಂಡಿ ಅಂತ. ಆಟದಾಗ ಪರದೆ ಮ್ಯಾಲೆ ಓಡತದ, ಲೆಗೊ ಕಂಪನಿಯವರು 2025ರಾಗ ಅದನ್ನ ಕೈಯಿಂದ ಕಟ್ಟೋ ಹಂಗ ಮಾಡಿ ಮಾರಲಿಕ್ಕೆ ಹತ್ತಿದರು. ದೊಡ್ಡದೊಂದು ಬರತದಂತ, ಅದಕ್ಕ 1,972 ತುಂಡು. ಇವನ ಹತ್ತಿರ ಇದ್ದದ್ದು ಸಣ್ಣದು.

"ಕಾರ್ಟ್ ಅಂದ್ರೇನೋ?" ಅಂದೆ.

"ಗಾಡಿ, ಮುತ್ಯಾ. ಬೈಲಗಾಡಿಗೂ ಇಂಗ್ಲಿಷಿನಾಗ ಕಾರ್ಟೇ. ಇದಕ್ಕ ಮೊದಲಿನ ಅಕ್ಷರ ಅಷ್ಟೇ ಬ್ಯಾರೆ."

ಇಲ್ಲೇ ನನ್ನ ಕಿವಿ ನಿಮಿರಿತು. ಬಂಡಿಯ ಹೆಸರು ಎಲ್ಲಿಂದ ಎಲ್ಲಿಗೆ ಹೋಗ್ಯದ ನೋಡ್ರಿ. ಆಮೇಲೆ ಅಳಿಯ ಫೋನಿನಾಗ, ಮಾಸ್ತರರು ಪುಸ್ತಕದಾಗ ಹುಡುಕಿ ಕೊಟ್ಟದ್ದನ್ನ ಕೂಡಿಸಿ ಹೇಳತೀನಿ. ಈ ಗಿಡ್ಡ ಓಟದ ಬಂಡಿಯನ್ನ ಮೊದಲು ಮಾಡಿದವ ಅಮೆರಿಕದ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಅನ್ನೋವ, 1956ರಾಗ. ಹುಲ್ಲು ಕತ್ತರಿಸೋ ಯಂತ್ರದ ಇಂಜಿನ್ನನ್ನ ನಾಕು ಕೊಳವಿಗೆ ಕಟ್ಟಿ ಓಡಿಸಿದ. ಆ ಆಟ ಮಾಡಿದ ನಿಂಟೆಂಡೊ ಜಪಾನಿನ ಕ್ಯೋಟೊ ಊರಿನ ಕಂಪನಿ. 1889ರಾಗ ಹುಟ್ಟಿದಾಗ ಅದು ಇಸ್ಪೀಟಿನಂಥ ಎಲಿ ಮಾಡತಿತ್ತು. ಮಾರಿಯೊ ಅನ್ನೋ ಮೀಸಿಯವ 1981ರಾಗ ಮೊದಲ ಸಲ ಆಟದಾಗ ಬಂದಾಗ ಬಡಿಗ್ಯಾ ಆಗಿದ್ದ, ಆಮೇಲೆ ನಳದ ಕೆಲಸದವ ಆದ. 1992ರಾಗ ಅವನನ್ನ ಬಂಡಿ ಮ್ಯಾಲೆ ಕೂಡಿಸಿದರು. ಲೆಗೊ ಶುರು ಮಾಡಿದವನೂ ಬಡಿಗ್ಯಾನೇ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಅನ್ನೋ ಹಳ್ಳಿಯ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್. 1932ರಾಗ, ಕೆಲಸ ಸಿಗದ ಕಾಲಕ್ಕ, ಕಟ್ಟಿಗೆಯ ಆಟಿಗಿ ಮಾಡಿ ಮಾರಿ ಹೊಟ್ಟಿ ಹೊರೆದ. ಪ್ಲಾಸ್ಟಿಕ್ ಇಟ್ಟಿಗಿ 1949ರಾಗ ಬಂತು. ಆ ಇಟ್ಟಿಗಿ ಪೂರ್ತಿ ಅವರ ಸ್ವಂತದ್ದೂ ಅಲ್ಲ, ಇಂಗ್ಲೆಂಡಿನ ಹಿಲರಿ ಪೇಜ್ ಅನ್ನೋವ ಮೊದಲೇ ಅಂಥದ್ದು ಮಾಡಿದ್ದ.

ಆದರ ಮೊದಮೊದಲ ಇಟ್ಟಿಗಿಗೆ ಹಿಡಿತ ಇರಲಿಲ್ಲ. ಒಳಗ ಪೊಳ್ಳು. ಒಂದರ ಮ್ಯಾಲೊಂದು ಕುಂದರತಿತ್ತು, ಅಲುಗಿಸಿದರ ಬಿಚ್ಚತಿತ್ತು. 1958ರ ಜನವರಿ 28ಕ್ಕ ಅವನ ಮಗ ಗಾಡ್‌ಫ್ರೆಡ್ ಇಟ್ಟಿಗಿ ಒಳಗ ಸಣ್ಣ ಕೊಳವಿ ಕೂಡಿಸಿ ಪೇಟೆಂಟಿಗೆ ಅರ್ಜಿ ಹಾಕಿದ. ಕೆಳಗಿನ ಗುಬಟು ಮ್ಯಾಲಿನ ಕೊಳವಿಗೆ ಬಿಗಿಯಾಗಿ ಹಿಡಕೊಂಡಿತು. ಅಂಟು ಬ್ಯಾಡ, ಮಳಿ ಬ್ಯಾಡ. ಬೇಕಾದಾಗ ಬಿಚ್ಚು, ಬೇಕಾದಾಗ ಕಟ್ಟು. ಎಂಟು ಗುಬಟಿನ ಒಂದೇ ಬಣ್ಣದ ಆರು ಇಟ್ಟಿಗಿ ಕೊಟ್ಟರ 91,51,03,765 ತರಹ ಕೂಡಿಸಬಹುದಂತ. ಶಾಲಿ ಮಕ್ಕಳಿಗೆ ಈ ಲೆಕ್ಕ ಬೋರ್ಡಿನ ಮ್ಯಾಲೆ ಬರೆದು ತೋರಿಸ್ರಿ ಮಾಸ್ತರ, ಬಾಯಿ ತೆಗೀತಾವ.

ಇಷ್ಟು ಕೇಳಿದ ಮ್ಯಾಲೆ ನನಗ ಅನಿಸಿದ್ದು: ಇದು ನಮಗ ಹೊಸದೇನಲ್ಲ. ನಮ್ಮ ಕಣಕಿ ಬಂಡಿ ಹಿಂಗೇ ಇತ್ತು.

ಈಗಿನ ಹುಡುಗರಿಗೆ ಗೊತ್ತಿಲ್ಲಂತ ಬಿಡಿಸಿ ಬರೀತೀನಿ. ಜೋಳದ ಒಣ ದಂಟು ತಗೊಂಡು ಮ್ಯಾಲಿನ ಸಿಪ್ಪಿಯನ್ನ ಹಲ್ಲಿನಿಂದ ಸುಲಿಯೋದು. ಸಿಪ್ಪಿ ಸಿಬಿರು ಸಿಬಿರಾಗಿ ಬರತದ, ಗಟ್ಟಿ, ಬಾಗಿಸಿದರ ಬಾಗತದ. ಒಳಗ ಬೆಂಡು ಉಳೀತದ, ಬೆಳ್ಳಗ, ಹಗುರ, ಮೆತ್ತಗ. ಈ ಎರಡೇ ಸಾಮಾನು. ಬೆಂಡನ್ನ ಬೆರಳಗಲ ತುಂಡು ಮಾಡೋದು, ಸಿಬಿರಿನ ತುದಿ ಚೂಪು ಮಾಡಿ ಬೆಂಡಿಗೆ ಚುಚ್ಚೋದು. ಬೆಂಡು ಸಿಬಿರನ್ನ ಗಪ್ಪನೆ ಹಿಡೀತದ. ಹಿಂಗ ಚುಚ್ಚುತ್ತ ಹೋದರ ಬಂಡಿ, ಎತ್ತು, ನೊಗ, ಕುಂಟಿ, ಕೂರಿಗಿ, ಕನ್ನಡಕ, ಕುರ್ಚಿ, ಏನು ಬೇಕು ಅದು ಆಗತದ. ಗಾಲಿಗೆ ನಡುವೆ ಒಂದು ದುಂಡನೆ ಬೆಂಡು, ಸುತ್ತ ಎಂಟು ಸಿಬಿರು ಅರ, ಅವುಗಳ ತುದಿಗೆ ಒಂದು ಉದ್ದ ಸಿಬಿರು ಬಾಗಿಸಿ ಬಳಿ ಮಾಡಿದರ ಆತು. ಅಚ್ಚಿಗೆ ಜಾಲಿ ಮುಳ್ಳು. ಸಿಬಿರು ಬಾಯಿಗೆ ಬಡಿದು ತುಟಿ ಹರಿದವರು ನಮ್ಮ ವಾರಿಗಿಯವರಾಗ ಭಾಳ ಮಂದಿ. ನನ್ನ ಕೆಳತುಟಿ ಮ್ಯಾಲೆ ಇನ್ನೂ ಗುರುತದ. ಸಾಕಾದರ ಬಿಚ್ಚಿ, ಅದೇ ಬೆಂಡಿನಿಂದ ಬ್ಯಾರೆ ಮಾಡತಿದ್ದೆವು. ಕಡೀಕ ಎಮ್ಮಿ ತಿಂತಿತ್ತು.

ನಾನು ಹುಟ್ಟಿದ್ದು 1960ರಾಗ, ಮಹಾರಾಷ್ಟ್ರ ರಾಜ್ಯ ಹುಟ್ಟಿದ ವರ್ಷವೇ. 1972ರ ಬರ ಬಂದಾಗ ಹನ್ನೆರಡು. ಮುಂಗಾರು ಹೋತು, ಹಿಂಗಾರು ಹೋತು, ಜೋಳ ಮೊಳಕಾಲೆತ್ತರ ಬರಲಿಲ್ಲ. ಆ ವರ್ಷ ನಮಗ ಆಟಕ್ಕೂ ದಂಟು ಸಿಗಲಿಲ್ಲ. ಅಪ್ಪ, ಅವ್ವ ಸರ್ಕಾರದ ರಸ್ತಾ ಕೆಲಸಕ್ಕ ಖಡಿ ಒಡೀಲಿಕ್ಕೆ ಹೋದರು. ಏಳನೇದು ಮುಗಿದ ಕೂಡಲೆ ನಾನೂ ಹೋದೆ, ಶಾಲಿ ಅಲ್ಲಿಗೆ ನಿಂತಿತು. ಆ ರಸ್ತಾದ ಮ್ಯಾಲೆ ರೋಲರ್ ಬರತಿತ್ತು. ಮಧ್ಯಾಹ್ನ ಬಿಡುವಿನಾಗ ನಾವು ಹುಡುಗರು ಖಾಲಿ ಡಬ್ಬಿಗೆ ಹಸಿ ಮಣ್ಣು ತುಂಬಿ, ನಡುವೆ ತಂತಿ ಹಾಯಿಸಿ, ರೋಲರ್ ಮಾಡಿ ಉರುಳಿಸತಿದ್ದೆವು. ದೊಡ್ಡವರು ಕಲ್ಲು ಒಡೀಲಿಕ್ಕೆ ಹತ್ತಿದ್ದರು, ನಾವು ಪಕ್ಕದಾಗ ಸಣ್ಣ ರಸ್ತಾ ಮಾಡಲಿಕ್ಕೆ ಹತ್ತಿದ್ದೆವು. ಇತಿಹಾಸದ ಪುಸ್ತಕದಾಗ ಆ ಬರ ಬಂದದ, ಆ ಡಬ್ಬಿ ಬಂದಿಲ್ಲ.

ಆಟಿಗಿ ಬಂಡಿ ಎಷ್ಟು ಹಳೇದು ಅಂತ ಮಾಸ್ತರರನ್ನ ಕೇಳಿದೆ. ಅವರು ಒಂದು ಫೋಟೊ ತೋರಿಸಿದರು. ಈಗಿನ ಅಹಿಲ್ಯಾನಗರ ಜಿಲ್ಲೆಯ ದೈಮಾಬಾದ ಅನ್ನೋ ಊರಾಗ, ಪ್ರವರಾ ನದಿ ದಂಡಿಗೆ, 1974ರಾಗ ಒಬ್ಬ ರೈತ ಗಿಡದ ಬೇರು ಅಗಿಯೋವಾಗ ಕಂಚಿನ ಸಾಮಾನು ಸಿಕ್ಕವು. ಒಂದು ಬಂಡಿ, ಸುಮಾರು 45 ಸೆಂಟಿಮೀಟರ್ ಉದ್ದ. ಎರಡು ಎತ್ತು, ಹೊಡಿಯೋ ಮನುಷ್ಯ ನಿಂತಾನ, ನೊಗಕ್ಕ ಹೋಗೋ ಕಟ್ಟಿಗಿ ಮ್ಯಾಲೆ ಒಂದು ನಾಯಿ. ಜೋಡಿ ಆನೆ, ಖಡ್ಗಮೃಗ, ಕೋಣ. ನಾಕೂ ಕೂಡಿ 60 ಕಿಲೋಕ್ಕಿಂತ ಹೆಚ್ಚು. ಮೂರೂವರೆ, ನಾಕು ಸಾವಿರ ವರ್ಷ ಹಿಂದಿನವು ಅಂತಾರ. ಅಷ್ಟು ಭಾರದ್ದನ್ನ ಕೂಸು ಎಳೆಯೋದು ಹ್ಯಾಂಗ? ಅದು ದೇವರ ಮೆರವಣಿಗೆಗೆ ಮಾಡಿದ್ದೇ ಇರಬೇಕು. ಆದರ ಆ ನಾಯಿ ನೋಡಿದರ, ಮಾಡಿದವನ ಮನ್ಯಾಗ ಮಕ್ಕಳಿದ್ದರು ಅನಸತದ ನನಗ.

ಅಷ್ಟು ದೂರ ಯಾಕ, ನಮ್ಮ ಜಿಲ್ಲೇದಾಗೇ ತೇರ ಅದ. ಎರಡು ಸಾವಿರ ವರ್ಷದ ಹಿಂದ ಅದರ ಹೆಸರು ತಗರ. ಒಬ್ಬ ಗ್ರೀಕ್ ವ್ಯಾಪಾರಿ ಮೊದಲ ಶತಮಾನದಾಗ ಬರೆದ ಪುಸ್ತಕದಾಗ ಈ ಊರಿನ ಸುದ್ದಿ ಬರತದ. ಪೈಠಣದಿಂದ ಮೂಡಣಕ್ಕ ಹತ್ತು ದಿನದ ದಾರಿ. ಇಲ್ಲಿಂದ ಅರಬಿ, ಮಲಮಲು ಬಂಡಿಗಳ ಮ್ಯಾಲೆ, ದಾರಿನೇ ಇಲ್ಲದ ಸೀಮಿ ದಾಟಿ, ಭರೂಚ ಬಂದರಕ್ಕ ಹೋಗತಿದ್ದವಂತ. ಅಂದ್ರ ನಮ್ಮ ಎರೀ ಹೊಲದಾಗ ಗಾಲಿ ಹುಗದು ಬೈದುಕೊಂಡು ಎಬ್ಬಿಸಿದ ಬಂಡಿಯವರು ಆಗಲೂ ಇದ್ದರು. ಆ ಊರಿನ ರಾಮಲಿಂಗಪ್ಪ ಲಾಮತೂರೆ ಅನ್ನೋವರು ಮಣ್ಣಾಗ ಸಿಕ್ಕ ಗೊಂಬಿ, ಗಡಿಗಿ, ಮಣಿ ಎಲ್ಲ ಕೂಡಿಸಿ ಇಟ್ಟರು. ಅವರ ಹೆಸರಿನ ಸರ್ಕಾರಿ ಸಂಗ್ರಹಾಲಯ ಈಗ ತೇರದಾಗ ಅದ. ಮಕ್ಕಳನ್ನ ಸಹಲಿಗೆ ಬ್ಯಾರೆ ಎಲ್ಲೆಲ್ಲೋ ಒಯ್ಯುತೀರಿ, ಒಮ್ಮೆ ಅಲ್ಲಿಗೆ ಒಯ್ದರ ಛಲೋ.

ಸಂಸ್ಕೃತದಾಗ ಶೂದ್ರಕ ಬರೆದ ಒಂದು ನಾಟಕದ ಹೆಸರೇ ಮೃಚ್ಛಕಟಿಕ, ಅಂದ್ರ ಮಣ್ಣಿನ ಸಣ್ಣ ಬಂಡಿ. ಉಜ್ಜಯಿನಿಯ ಚಾರುದತ್ತ ಬಡವ ಆಗಿರತಾನ. ಅವನ ಮಗ ನೆರಮನಿ ಹುಡುಗನ ಬಂಗಾರದ ಬಂಡಿ ಜೋಡಿ ಆಡಿರತದ. ಅದನ್ನ ಅವರು ತಿರುಗಿ ಒಯ್ದಾಗ, ಕೆಲಸದಾಕಿ ಮಣ್ಣಿನದು ಮಾಡಿ ಕೊಡತಾಳ. ಹುಡುಗ ಒಲ್ಲೆ ಅಂತ ಅಳತದ. ವಸಂತಸೇನೆ ನೋಡಿ ತಡಿಲಾರದೆ ತನ್ನ ಒಡವಿ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬತಾಳ. ಮುಂದ ಆ ಒಡವಿಯಿಂದಲೇ ಚಾರುದತ್ತನ ಕೊರಳಿಗೆ ಬರತದ. ಗಿರೀಶ ಕಾರ್ನಾಡರು ಇದರ ಮ್ಯಾಲೆ 1984ರಾಗ ಉತ್ಸವ ಅಂತ ಹಿಂದಿ ಸಿನಿಮಾ ಮಾಡಿದರು. ನನಗ ನಾಟಕದ ಉಳಿದದ್ದೆಲ್ಲ ಮರೆತದ, ಆ ಹುಡುಗ ಅತ್ತದ್ದು ಮಾತ್ರ ನೆನಪದ. ಪುಣೆಯಾಗ ನಮ್ಮ ಹುಡುಗನೂ ನೆರಮನಿಯವನ ಹತ್ತಿರ ಲೆಗೊ ನೋಡಿ ಅತ್ತು ಅತ್ತು ಈ ಡಬ್ಬಿ ಕೊಡಿಸಿಕೊಂಡದ್ದಂತ, ಮಗಳು ಹೇಳಿದಳು.

ಆ ಡಬ್ಬಿಯನ್ನ ಅವ ಎಳ್ಳಮಾಸಿ ಮರುದಿನ ಮುಂಜಾನೆ ನಮ್ಮ ಪಡಸಾಲಿಯಾಗ ಪೂರ್ತಿ ಬಿಚ್ಚಿ ಹರವಿದ. "ಮುತ್ಯಾ, ಇದನ್ನೇ ನಿಮ್ಮ ಬಂಡಿ ಮಾಡತೀನಿ. ಹ್ಯಾಂಗ ಇತ್ತು ಹೇಳು."

ಮಗಳು ಸಿಟ್ಟಾದಳು. "ಅಪ್ಪಾ, ನೀನರ ಹೇಳು ಅವಗ. ಎಷ್ಟು ರೊಕ್ಕ ಕೊಟ್ಟು ತಂದದ್ದು. ಪುಸ್ತಕದಾಗ ಹ್ಯಾಂಗ ಅದ ಹಂಗೇ ಇಡಬೇಕು. ಒಂದು ತುಂಡು ಕಳದರ ಮುಗೀತು."

ನಾನು ಹೇಳಲಿಲ್ಲ. ಯಾಕಂದ್ರ ನನಗ ಎರಡು ನೆನಪು ಒಮ್ಮೆಲೆ ಬಂದವು.

ಒಂದು ನನ್ನದು. ನಮ್ಮೂರ ಬಡಿಗೇರ ಕಾಕಾ ಕಾರಹುಣ್ಣಿಮಿಗೆ ಸಾಗವಾನಿ ಚೂರಿನಿಂದ ನನಗೊಂದು ಬಂಡಿ ಮಾಡಿ ಕೊಟ್ಟಿದ್ದ. ರೊಕ್ಕಕ್ಕಲ್ಲ, ಸುಗ್ಗಿಯಾಗ ಕಣಕ್ಕ ಬಂದು ಆಯ ಒಯ್ಯತಿದ್ದ, ಅದರ ಮ್ಯಾಲಿನ ಪ್ರೀತಿ. ನಾನು ನಾಕು ದಿನ ಆಡಿ ಅದರ ಗಾಲಿ ಕಿತ್ತು ಒಂದು ಹಲಗಿಗೆ ಬಡಿದು, ಎಸ್‌ಟಿ ಬಸ್ಸು ಮಾಡಲಿಕ್ಕೆ ಹೋದೆ. ಅಪ್ಪ ಹೊಡೆದ. ಬಡಿಗೇರ ಕಾಕಾ ಬಂದವ ಬೈಯಲಿಲ್ಲ, "ಮೊದಲು ಯಾವುದು ಬಿಚ್ಚಿದಿ?" ಅಂತ ಕೇಳಿದ. ಅಚ್ಚಿನ ತುದಿಗೆ ಇದ್ದ ಕಡ್ಡಿಯಂಥದ್ದು ಅಂದೆ. "ಹಾಂ, ಅದೇ ಮೊದಲು ಬಿಚ್ಚೋದು, ಕಡೀಕ ಹಾಕೋದು" ಅಂತ ಅದನ್ನ ನೆಲದ ಮ್ಯಾಲಿಂದ ಹುಡುಕಿ ಕೊಟ್ಟ.

ಇನ್ನೊಂದು ಈ ಮಗಳದೇ. 1993ರ ಸೆಪ್ಟೆಂಬರ್ 30. ಅನಂತ ಚತುರ್ದಶಿಗೆ ಗಣಪತಿ ಕಳಿಸಿ ಬಂದು ಮಲಗಿದ್ದೆವು. ನಸುಕಿನಾಗ ನಾಕಕ್ಕ ನಾಕು ಮಿನಿಟ್ ಇತ್ತು. ಕಿಲ್ಲಾರಿ ಕಡೆಯಿಂದ ಭೂಮಿ ಗುಡುಗಿತು. ಕಿಲ್ಲಾರಿ, ಆಗ ನಮ್ಮ ಉಮರ್ಗಾ ತಾಲೂಕಿನಾಗೇ ಇದ್ದ ಸಾಸ್ತೂರ, ಸುತ್ತಲಿನ ಹಳ್ಳಿ ನೆಲಸಮ. ಸರ್ಕಾರದ ಲೆಕ್ಕದಾಗ 8,000ದ ಹತ್ತಿರ ಮಂದಿ. ನಮ್ಮ ಹಿಂದಿನ ಗೋಡಿ ಬಿದ್ದು ಒಂದು ಕರು ಸತ್ತಿತು, ನಾವು ಉಳಿದೆವು. ನಮ್ಮ ಗೋಡಿ ಸಣ್ಣವಲ್ಲ, ಎರಡು ಮೂರು ಮೊಳ ದಪ್ಪ. ಆದರ ಒಳಗಿನ ಮುಖ ಬ್ಯಾರೆ, ಹೊರಗಿನ ಮುಖ ಬ್ಯಾರೆ, ನಡುವೆ ಮಣ್ಣು, ಚೂರುಗಲ್ಲು. ಈ ಮುಖದಿಂದ ಆ ಮುಖಕ್ಕ ಹಾಯೋ ಕಲ್ಲು ಒಂದೂ ಇಲ್ಲ. ಮ್ಯಾಲೆ ಮಣ್ಣಿನ ಮಾಳಗಿಯ ಭಾರ. ಅಲುಗಿದ ಕೂಡಲೆ ಎರಡು ಮುಖ ಎರಡು ಕಡೆ ಬಿಚ್ಚಿಕೊಂಡವು. ಆಮೇಲೆ ಬಂದ ಎಂಜಿನಿಯರರು ಗವಂಡಿಗಳಿಗೆ ಕಲಿಸಿದ್ದು ಅದನ್ನೇ: ಗೋಡಿ ಆರಪಾರ ಹಾಯೋ ಕಲ್ಲು ಹಾಕ್ರಿ, ಸುತ್ತ ಪಟ್ಟಿ ಕಟ್ಟ್ರಿ. ಲೆಗೊ ಇಟ್ಟಿಗಿಯ ಒಳಗಿನ ಕೊಳವಿ ಬೆರಳಿನಿಂದ ಮುಟ್ಟಿ ನೋಡಿದಾಗ ನನಗ ಆ ಗೋಡಿ ನೆನಪಾತು.

ಮಗಳಿಗೆ ಆಗ ಐದು ವರ್ಷ. ರಸ್ತಾದ ತುಂಬ ಮಿಲಿಟರಿ ಗಾಡಿ. ಪತ್ರಾದ ಶೆಡ್ಡಿನ ಮುಂದ ಕುಂತು, ಹಂಚಿದ ಬಿಸ್ಕೀಟಿನ ರಟ್ಟಿನ ಡಬ್ಬಿ ಕತ್ತರಿಸಿ, ಔಷಧ ಬಾಟಲಿಯ ಮುಚ್ಚಳ ಗಾಲಿ ಮಾಡಿ, ಅದಕ್ಕ ಇದ್ದಿಲಿನಿಂದ ನಂಬರ್ ಬರೆದಿದ್ದಳು. ಆ ಡಬ್ಬಿಯಾಗ ನಮ್ಮ ಉಪ್ಪು, ಖಾರ ಇತ್ತು. ಅವ್ವ ಬೈದರೂ ಬಿಟ್ಟಿರಲಿಲ್ಲ. ಇದನ್ನ ಹೇಳಿ, "ನೆನಪದಾ?" ಅಂದೆ. ಮಗಳು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕತ್ತರಿ ತಂದು ಇಟ್ಟಳು.

ಇನ್ನ ಬಂಡಿ ಕಟ್ಟಿದ್ದನ್ನ ಹೇಳತೀನಿ. ಹುಡುಗ ಮೊದಲು ಹೊಗೆ ಕೊಳವಿ ತೆಗೆದ, ಸ್ಟೇರಿಂಗ್ ತೆಗೆದ, ಮುಂದಿನ ಎರಡು ಗಾಲಿ ತೆಗೆದ. ಎರಡೇ ಗಾಲಿ ಹಿಂದ ಉಳಿದವು, ಬಂಡಿ ಮುಂದಕ್ಕ ಮುಗ್ಗರಿಸಿತು. ಅಚ್ಚನ್ನ ಮುಂದಕ್ಕ ತಂದ, ಹಿಂದಕ್ಕ ಬಿತ್ತು. ಆಗ ನಾನು ಹೇಳಿದೆ: ಬಂಡಿಗೆ ತೂಕ ಸರಿ ಇರಬೇಕು. ಮುಂದ ಭಾರ ಆದರ ಎತ್ತಿನ ಹೆಗಲು ಹರೀತದ. ಹಿಂದ ಭಾರ ಆದರ ನೊಗ ಮ್ಯಾಲೆದ್ದು ಕೊರಳು ಬಿಗೀತದ. ಹೇರು ಹಾಕೋವ ಮೂಕಿ ಹಿಡಿದು ಒಂದೇ ಕೈಯಿಂದ ಎತ್ತಿ ನೋಡತಾನ, ಸ್ವಲ್ಪೇ ಮುಂದಕ್ಕ ಜಗ್ಗಬೇಕು, ಅಷ್ಟೇ. ಹುಡುಗ ಅಚ್ಚನ್ನ ಎರಡು ಗುಬಟು ಹಿಂದಕ್ಕ ಸರಿಸಿದ. ನಿಂತಿತು.

ಗಾಲಿ ಗಿಡ್ಡ ಇದ್ದವು. ಆ ಡಬ್ಬಿಯಾಗ ದೊಡ್ಡ ಗಾಲಿ ಇಲ್ಲ. ನಾನು ಎದ್ದು ಹೋಗಿ ಹಳೇ ಬಣಮಿಯಿಂದ ನಾಕು ದಂಟು ತಂದೆ. ನನ್ನ ಹಲ್ಲು ಈಗ ಗಟ್ಟಿ ಇಲ್ಲ, ಕುಡುಗೋಲಿನಿಂದ ಸುಲಿದೆ. ಬೆಂಡಿನ ಗುಂಬ, ಸಿಬಿರಿನ ಅರ. "ಎಷ್ಟು ಅರ, ಮುತ್ಯಾ?" ಅಂದ. ಎಂಟು ಅನ್ನಲಿಕ್ಕೆ ಹೋದೆ, ಅದು ಆಟಿಗಿಯ ಲೆಕ್ಕ. ನನ್ನ ಸ್ವಂತ ಬಂಡಿಗೆ ಎಷ್ಟಿದ್ದವು? ಮೂವತ್ತು ವರ್ಷ ಕೀಲೆಣ್ಣಿ ಹಾಕಿದ ಕೈ, ಲೆಕ್ಕ ನೆನಪಿಲ್ಲ.

ಆಗ ಖರೇ ಹೇಳಿದೆ. ಗಾಲಿ ಮುರದಿಲ್ಲ, ಮಾರೀನಿ ಅಂತ. ಹುಡುಗ ಬೈಯಲಿಲ್ಲ. "ಎಲ್ಲಿ ಅವ? ನೋಡಿ ಬರೋಣ" ಅಂದ.

ಅಳಿಯನ ಮೋಟರ್‌ಸೈಕಲ್ ಮ್ಯಾಲೆ ಮೂವರೂ ಢಾಬಾಕ್ಕ ಹೋದೆವು. ಬಾಗಿಲ ಎರಡೂ ಕಡೆ ನನ್ನ ಗಾಲಿ. ಬೆಳ್ಳಿ ಬಣ್ಣ ಬಳಿದು, ಅರಗಳಿಗೆ ಹಸಿರು ಕೆಂಪು ದೀಪದ ಸರ ಸುತ್ತ್ಯಾರ. ಹುಡುಗ ಎಣಿಸಿದ: ಹನ್ನೆರಡು ಅರ. ಸುತ್ತಿನ ಬಾಗಿದ ಕಟ್ಟಿಗಿ ಆರು ತುಂಡು, ಒಂದೊಂದಕ್ಕ ಎರಡೆರಡು ಅರ. "ಮಳಿ ಎಲ್ಲಿ ಹೊಡದಾರ?" ಅಂತ ಹುಡುಕಿದ. ಮಳಿ ಇಲ್ಲ. ಇದನ್ನ ಅವಗ ಹೇಳೋವಾಗ ನನಗೇ ಹುರುಪು ಬಂತು. ಅರದ ಒಂದು ತುದಿ ಗುಂಬದ ತೂತಿನಾಗ, ಇನ್ನೊಂದು ತುದಿ ಸುತ್ತಿನ ಕಟ್ಟಿಗಿಯಾಗ ಕೂಡಿಸಿರತಾರ. ಕಬ್ಬಿಣದ ಹಳಿಯನ್ನ ಗಾಲಿಗಿಂತ ಒಂದು ಸ್ವಲ್ಪ ಸಣ್ಣದೇ ಮಾಡತಾರ. ಅದರ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚಿದರ ಹಳಿ ಕೆಂಪಾ ಆಗಿ ಹಿಗ್ಗತದ. ನಾಕು ಮಂದಿ ಇಕ್ಕಳದಿಂದ ಎತ್ತಿ ಗಾಲಿ ಮ್ಯಾಲೆ ಕೂಡಿಸಿ ಬಡಿದು, ಕಟ್ಟಿಗಿ ಸುಡೋದರೊಳಗ ಕೊಡಪಾನ ಕೊಡಪಾನ ನೀರು ಸುರೀತಾರ. ಹಳಿ ಕುಗ್ಗಿ ಗಾಲಿಯನ್ನ ಹಿಚುಕತದ. ಕಟಕಟ ಸಪ್ಪಳ ಮಾಡುತ್ತ ಒಂದೊಂದು ಅರ ತನ್ನ ತೂತಿನಾಗ ಬಿಗೀತದ. ಆ ವಾಸನಿ, ಆ ಉಗಿ, ಊರ ಮಕ್ಕಳೆಲ್ಲ ಬಡಿಗೇರ ಓಣಿಯಾಗ ಕೂಡತಿದ್ದೆವು.

ಢಾಬಾದವ ಚಾ ಕೊಟ್ಟ, ರೊಕ್ಕ ತಗೊಳ್ಳಲಿಲ್ಲ. ಅದನ್ನೂ ಬರೀಬೇಕು.

ತಿರುಗಿ ಬರೋವಾಗ ಹುಡುಗ ಹೆಸರು ಕೇಳಿದ, ಪ್ರತಿಯೊಂದರದೂ. ನೊಗ ಅಂದೆ, ಅಳಿಯ ಜೂ ಅಂದ. ಹಳಿ ಅಂದೆ, ಅವ ಧಾವ ಅಂದ. ಅರಕ್ಕ ಅವರೂ ಆರಾನೇ ಅಂತಾರ. ಅಳಿಯನೂ ನಮ್ಮವನೇ, ನಿಲಂಗಾ ಕಡೆಯವ, ಶಾಲಿ ಮರಾಠಿ. 1956ರ ನವೆಂಬರ್ 1ಕ್ಕ, ಅಂದ್ರ ಆ ಅಮೆರಿಕದವ ಕಾರ್ಟ್ ಕಟ್ಟಿದ ವರ್ಷವೇ, ಹೈದರಾಬಾದ ರಾಜ್ಯ ಒಡೆದಾಗ ಬೀದರ ಜಿಲ್ಲಾ ಮೂರು ಪಾಲಾತು. ಬೀದರ, ಭಾಲ್ಕಿ ಮೈಸೂರಿಗೆ ಹೋದವು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕ ಬಂದು ನಮ್ಮ ಉಸ್ಮಾನಾಬಾದ ಜಿಲ್ಲೇಕ್ಕ ಕೂಡಿದವು. 1982ರಾಗ ಲಾತೂರ ಜಿಲ್ಲಾ ಆದ ಮ್ಯಾಲೆ ಅಲ್ಲಿಗೆ ಹೋದವು. ಬಂಡಿಗೆ ಇದ್ಯಾವುದೂ ಗೊತ್ತಾಗಲಿಲ್ಲ, ಬೀಗರ ಊರಿಗೆ ಮೊದಲಿನ ಹಾದಿಯಿಂದಲೇ ಹೋಗತಿತ್ತು. ಬಂಡಿ ನಿಂತ ಮ್ಯಾಲೆ ಅದರ ಹೆಸರುಗಳೂ ನಿಂತವು. ಯಾಕಂದ್ರ ಕಡೀಕ ಹುಡುಗ ಅಚ್ಚಿನ ತುದಿ ತೋರಿಸಿ "ಗಾಲಿ ಹೊರಗ ಬರದಂಗ ಹಾಕತಾರಲ್ಲ, ಅದಕ್ಕೇನು?" ಅಂದಾಗ ನನ್ನ ಬಾಯಿಗೆ ಬರಲಿಲ್ಲ. ಬಡಿಗೇರ ಕಾಕಾ ನೆಲದಿಂದ ಹುಡುಕಿ ಕೊಟ್ಟಿದ್ದ ಅದೇ ಸಾಮಾನು! ಅಳಿಯನಿಗೂ ಗೊತ್ತಿಲ್ಲ. ಮನಿಯಾಕಿನ್ನ ಕೇಳಿದೆ, "ನೀನೇ ಹಾಕತಿದ್ದಿ, ನನ್ನೇನು ಕೇಳತಿ" ಅಂದಳು.

ರಾತ್ರಿ ಉಂಡು ಕುಂತಾಗ ಹುಡುಗ ಹಾಡು ಅಂದ. ಹಂತಿ ಪದ ಎತ್ತಿದೆ. ರಾಶಿ ಕಾಲಕ್ಕ ಮೇಟಿ ಸುತ್ತ ಎತ್ತು ತಿರುಗಿಸುತ್ತ ಬೆಳತನಕ ಹಾಡೋ ಪದ ಇವು. ಮಶೀನು ಬಂದ ಮ್ಯಾಲೆ ಕಣ ಇಲ್ಲ, ಹಂತಿ ಇಲ್ಲ, ವೇದಿಕೆ ಮ್ಯಾಲೆ ಅಷ್ಟೇ ಹಾಡತೀವಿ. ಬಂಡಿ ಹೂಡೋ ನುಡಿ ಬಂತು. ನೊಗ ಬಂತು, ಮಿಣಿ ಬಂತು, ಬಾರಕೋಲು ಬಂತು. ಹಿಂದ್ಹಿಂದೇ, ನಾನು ಯೋಚಿಸೋದರೊಳಗ, ನಾಲಿಗಿ ತಾನೇ ಅಂದುಬಿಟ್ಟಿತು: ಕಡಾಣಿ. ಹಾಡು ನಿಲ್ಲಿಸಿ "ಕಡಾಣಿ, ಕಡಾಣಿ" ಅಂತ ಕೂಗಿದೆ. ಮಲಗಿದ್ದ ಮಂದಿ ಎದ್ದು ಏನಾತು ಅಂದರು.

ಮರುದಿನ ಉಳಿದದ್ದು ಮುಗಿಸಿದೆವು. ಲೆಗೊದ ಅಚ್ಚು ಬೆಂಡಿನ ಗುಂಬಕ್ಕ ಒತ್ತಿದರ ಹಿಡೀತು. ಮೂಕಿಗೆ ದಂಟಿನ ತುದಿ ಬೇಕಾತು, ತೆನಿ ಕೆಳಗಿನ ಸಣ್ಣ ಭಾಗ. ಆ ತುಂಡುಗಳಾಗಿನ ದುಂಡನೆ ತೂತು 4.8 ಮಿಲಿಮೀಟರ್ ಅಂತ, ಹುಡುಗ ಹೇಳಿದ. ನಾನು ಅಳಿಲಿಲ್ಲ, ಎಂಟು ಹತ್ತು ದಂಟು ಹಾಕಿ ನೋಡಿ ಸರಿಯಾದದ್ದು ಆರಿಸಿದೆ. ಗಪ್ಪನೆ ಕುಂತಿತು. ಎರಡು ಮೂಕಿ ಮುಂದ ಕೂಡಿ ನೊಗಕ್ಕ ಹೋದವು. ಎತ್ತು ಅವನೇ ಕಟ್ಟಿದ, ಇಟ್ಟಿಗಿಯಿಂದ. ಬಿಳಿ ತುಂಡು ಸಾಲಲಿಲ್ಲ, ನಡುನಡುವೆ ಕರೀದು ಹಾಕಿದ. ನೋಡಿದರ ಥೇಟ್ ದೇವಣಿ ತಳಿ! ಉದಗೀರ ಮಗ್ಗಲ ದೇವಣಿ ಊರಿನ ಹೆಸರಿನ ಈ ತಳಿಯಾಗ ಮೂರು ತರಹ: ಮೈಯೆಲ್ಲ ಕಪ್ಪು ಬಿಳಿ ಬೊಟ್ಟಿನದು ವಾಘ್ಯಾ, ಬಿಳೀ ಮೈಗೆ ಕರೀ ಮಾರಿಯದು ವಾನೇರಾ, ಬಿಳೀದೇ ಇದ್ದದ್ದು ಬಾಲಂಕ್ಯಾ. ನಾನು ಮಾರಿದ ಜೋಡಿ ವಾಘ್ಯಾ ಇದ್ದವು. ಇದನ್ನ ಅವಗ ಹೇಳಿರಲಿಲ್ಲ.

ಮಾರಿಯೊನನ್ನ ಬಂಡಿ ಮ್ಯಾಲೆ ಕೂಡಿಸಿದ. ತಲಿಗೆ ಕೆಂಪು ಟೊಪ್ಪಿಗಿ, ನಮ್ಮ ಕಡೆಯ ರುಮಾಲಿನ ಹಂಗೇ ಕಾಣತಿತ್ತು. "ಇದು ಎಷ್ಟು ಸ್ಪೀಡ್ ಹೋಗತದ, ಮುತ್ಯಾ?" ಅಂದ. ತಾಸಿಗೆ ಒಂದು ಹರದಾರಿ ಹೋದರ ಭಾಳ ಅಂದೆ. ನಕ್ಕ.

ಬಂಡಿಯನ್ನ ರಟ್ಟಿನ ಡಬ್ಬಿಯಾಗ ಹತ್ತಿ ಹಾಕಿ ಪುಣೆಗೆ ಒಯ್ದ. ಹೋದ ವಾರ ಫೋನ್ ಮಾಡಿದ್ದ. ಅಲ್ಲಿ ದಂಟು ಒಣಗಿ ಕುಗ್ಗಿ ಮೂಕಿ ಸಡಿಲಾಗ್ಯಾವಂತ, ನೊಗ ಜೋತು ಬಿದ್ದದಂತ. ಪ್ಲಾಸ್ಟಿಕ್ಕಿನ ಉದ್ದ ತುಂಡು ಅದ, ಹಾಕ್ಲ್ಯಾ ಅಂತ ಕೇಳಿದ. ಅವನಿಗೆ ಸರಿ ಅನಿಸಿದ್ದು ಹಾಕಲಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ, ರಾಶಿ ಆದ ಮ್ಯಾಲೆ ಹೊಸ ದಂಟು ಕಳಿಸು. ತುದೀದು. ಮತ್ತ ಕಡಾಣಿ ಒಂದು ಕಳದದ, ಅದಕ್ಕ ಜಾಲಿ ಮುಳ್ಳು" ಅಂದ. ಕಡಾಣಿ ಅಂತಲೇ ಅಂದ. ಜೋಳ ಈಗ ಹಾಲುಗಾಳಿನಾಗ ಅದ, ರಾಶಿಗೆ ಇನ್ನೂ ಎರಡು ತಿಂಗಳು ಬೇಕು. ಮುಳ್ಳು ಮಾತ್ರ ಆರಿಸಿ ಕಿಟಕಿಯಾಗ ಇಟ್ಟೀನಿ.